ಬಂಧನವೂ ನಿಯಂತ್ರಣವೂ

ಜೀನಿನ ಅಭಿವ್ಯಕ್ತಿಯ ಪಾಠ ನಮ್ಮ ತರಗತಿಗಳಲ್ಲಿ ಬಹುಮಟ್ಟಿಗೆ ಜಾಕೋಬ್ ಮತ್ತು ಮೊನೋ 1961ರಲ್ಲಿ ಬ್ಯಾಕ್ಟೀರಿಯವನ್ನು ಆಧರಿಸಿ ರಚಿಸಿದ ಚಿತ್ರದಿಂದ ಆರಂಭವಾಗುತ್ತದೆ. ಅನೇಕ ವೇಳೆ ಅಲ್ಲಿಯೇ ಮುಗಿಯುತ್ತದೆ. ಡಿಎನ್‌ಎಯ ಮೇಲೆ ಕುಳಿತ ಪ್ರೋಟೀನು ಪ್ರತಿಲೇಖನವನ್ನು ತಡೆಯುತ್ತದೆ ಅಥವಾ ಬಿಡುತ್ತದೆ, ಮುಂದಿನದೆಲ್ಲ ತಾನಾಗಿಯೇ ನಡೆಯುತ್ತದೆ ಎಂಬ ಭಾವನೆ ವಿದ್ಯಾರ್ಥಿಯಲ್ಲಿ ನೆಲೆಯೂರುವುದು ಹೀಗೆ. ಯೂಕ್ಯಾರಿಯೋಟ್ ಕೋಶಗಳ ಮಟ್ಟಿಗಂತೂ ಈ ಚಿತ್ರ ಅಪೂರ್ಣವಾದುದು. ಅಲ್ಲಿ ದೂತ ಆರ್‌ಎನ್‌ಎ ಹುಟ್ಟಿದಂದಿನಿಂದ ಅಳಿಯುವವರೆಗೂ ಪ್ರೋಟೀನುಗಳ ಸಂಗವನ್ನು ಬಿಟ್ಟಿರುವುದಿಲ್ಲ. (ದೂತನೆಂದು ಹೆಸರಿಟ್ಟು, ದಾರಿಯಲ್ಲಿ ಅವನನ್ನು ತಡೆಯುವವರನ್ನು ಮರೆತದ್ದು ನಮ್ಮ ಪರಿಭಾಷೆಯ ಸೋಜಿಗ.)

ಆದರೆ ನಮ್ಮ ಆಕ್ಷೇಪಣೆ ಇದಕ್ಕೆ ವಿರುದ್ಧವಾದ ಇನ್ನೊಂದು ಅತಿರೇಕವನ್ನು ಕುರಿತದ್ದು. ಅತಿನೇರಳೆ ಬೆಳಕಿನಿಂದ ಪ್ರೋಟೀನುಗಳನ್ನು ಆರ್‌ಎನ್‌ಎಗೆ ಬೆಸೆದು ಹೊರತೆಗೆಯುವ ವಿಧಾನದಿಂದ, 2012ರಲ್ಲಿ ಹೀಲಾ ಕೋಶಗಳಲ್ಲಿ ಸುಮಾರು 860 ಬಂಧಕ ಪ್ರೋಟೀನುಗಳನ್ನು ಗುರುತಿಸಲಾಯಿತು. ವಿಧಾನ ನಿರ್ದುಷ್ಟವಾದುದು, ಫಲ ಬೆಲೆಯುಳ್ಳದ್ದು. ಅನಂತರದ ಬರಹಗಳಲ್ಲಿ ಮಾತ್ರ ‘ಬಂಧಕ’ವೆಂಬುದು ಸದ್ದಿಲ್ಲದೆ ‘ನಿಯಂತ್ರಕ’ವಾಗಿಬಿಡುವುದನ್ನು ಕಾಣುತ್ತೇವೆ. ಅಂಟಿಕೊಂಡದ್ದೆಲ್ಲ ಆಳುತ್ತದೆಂದು ಯಾರು ಹೇಳಿದರು?

ನಿಯಂತ್ರಣವೆಂಬ ಮಾತು ಎಷ್ಟು ಪ್ರಮಾಣಗಳನ್ನು ಬೇಡುತ್ತದೆಂಬುದನ್ನು ಕಬ್ಬಿಣದ ಪ್ರಕರಣದಲ್ಲಿ ನೋಡಬಹುದು. ಇಲಿಯ ಯಕೃತ್ತಿಗೆ ಕಬ್ಬಿಣ ಒದಗಿದಾಗ, ಹೊಸ ಪ್ರತಿಲೇಖನವನ್ನು ಕಾಯದೆ, ಅದುವರೆಗೆ ಸುಪ್ತವಾಗಿದ್ದ ಫೆರಿಟಿನ್ ದೂತವೇ ರೈಬೋಸೋಮುಗಳನ್ನು ಸೇರುತ್ತದೆಂದು ಟ್ಸೇರಿಂಗರ್, ಬಾಳಿಗಾ ಮತ್ತು ಮನ್ರೋ 1976ರಲ್ಲಿಯೇ ತೋರಿಸಿದ್ದರು. ತಡೆಯ ನೆಲೆ ತಿಳಿದದ್ದು 1987ರಲ್ಲಿ: ಆ ದೂತದ ಆದಿಭಾಗದಲ್ಲಿ ಸುಮಾರು 30 ನ್ಯೂಕ್ಲಿಯೋಟೈಡುಗಳ ಒಂದು ಕುಣಿಕೆ. ಕಬ್ಬಿಣ ಕಡಮೆಯಾದಾಗ ಐಆರ್‌ಪಿ ಎಂಬ ಪ್ರೋಟೀನು ಅದನ್ನು ಹಿಡಿಯುತ್ತದೆ, ರೈಬೋಸೋಮು ಹತ್ತಲಾರದು. ಅದೇ ಪ್ರೋಟೀನು ಟ್ರಾನ್ಸ್‌ಫೆರಿನ್ ಗ್ರಾಹಿಯ ದೂತದ ಅಂತ್ಯಭಾಗದಲ್ಲಿರುವ ಇಂಥವೇ ಐದು ಕುಣಿಕೆಗಳನ್ನು ಹಿಡಿದು ಅದನ್ನು ನಾಶದಿಂದ ಕಾಯುತ್ತದೆ. ಹೀಗೆ ಕಬ್ಬಿಣವನ್ನು ಕೂಡಿಡುವ ಪ್ರೋಟೀನು ತಗ್ಗುತ್ತದೆ, ಕಬ್ಬಿಣವನ್ನು ಒಳಗೆ ತರುವ ಪ್ರೋಟೀನು ಹೆಚ್ಚುತ್ತದೆ. ಹಿಡಿತವೊಂದೇ, ಫಲಗಳು ಪರಸ್ಪರ ವಿರುದ್ಧ. ಭೇದವಿರುವುದು ಹಿಡಿದ ಸ್ಥಾನದಲ್ಲಿ. ಕಬ್ಬಿಣ ಸಮೃದ್ಧವಾದಾಗ ಈ ಪ್ರೋಟೀನಿನ ಒಂದು ರೂಪವಾದ ಐಆರ್‌ಪಿ-1 ಕಬ್ಬಿಣ-ಗಂಧಕದ ಗುಚ್ಛವನ್ನು ಧರಿಸಿ, ಆರ್‌ಎನ್‌ಎಯನ್ನು ಬಿಟ್ಟು, ಅಕೋನಿಟೇಸ್ ಎಂಬ ಕಿಣ್ವವಾಗುತ್ತದೆ. ಇನ್ನೊಂದು ರೂಪವಾದ ಐಆರ್‌ಪಿ-2 ನಾಶವಾಗುತ್ತದೆ.

ಇಷ್ಟಕ್ಕೇ ವಾದ ನಿಲ್ಲಲಿಲ್ಲ. 1995ರಲ್ಲಿ ಕೆಲವು ಕುಟುಂಬಗಳಲ್ಲಿ ಫೆರಿಟಿನ್ ಕುಣಿಕೆಯ ಒಂದೇ ಅಕ್ಷರ ಬದಲಾದುದು ಕಂಡುಬಂತು. ದೇಹದಲ್ಲಿ ಕಬ್ಬಿಣ ಮಿತಿಮೀರಿರದಿದ್ದರೂ ಅವರ ರಕ್ತದಲ್ಲಿ ಫೆರಿಟಿನ್ ಹೆಚ್ಚಿತ್ತು. ಎಳೆಯ ವಯಸ್ಸಿನಲ್ಲಿಯೇ ಕಣ್ಣಿಗೆ ಪೊರೆ ಬಂದಿತ್ತು. ಬಂಧನ ಸಡಿಲಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾವು ಕಾಣೆವು. ಸಂಶೋಧನೆಗೆ ತೊಡಗುವ ವಿದ್ಯಾರ್ಥಿ ಬಂಧಕಗಳ ಪಟ್ಟಿಯೊಂದನ್ನು ಮುಂದಿಟ್ಟು ಅದನ್ನೇ ಸಿದ್ಧಾಂತವೆಂದು ಕರೆದಾಗ, ಈ ಹತ್ತೊಂಬತ್ತು ವರ್ಷಗಳ ದುಡಿಮೆಯನ್ನು ಅಳತೆಗೋಲಾಗಿ ಹಿಡಿಯುವುದು ಅಧ್ಯಾಪಕರ ಹೊಣೆ.

ಆ ಪಟ್ಟಿಯಲ್ಲಿದ್ದ ಎನೋಲೇಸ್-1ರ ಕಥೆಯೂ ಇಲ್ಲಿ ಪ್ರಸ್ತುತ. ಗ್ಲೂಕೋಸಿನ ವಿಘಟನೆಯಲ್ಲಿ ಭಾಗಿಯಾದ ಈ ಕಿಣ್ವವೂ ಆರ್‌ಎನ್‌ಎಯನ್ನು ಹಿಡಿಯುವುದರಿಂದ, ಅದೂ ಒಬ್ಬ ನಿಯಂತ್ರಕನೆಂದು ಊಹಿಸುವುದು ಸುಲಭವಾಗಿತ್ತು. 2022ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಕಂಡದ್ದು ವಿಪರ್ಯಯ: ಅಲ್ಲಿ ಆರ್‌ಎನ್‌ಎಯೇ ಕಿಣ್ವವನ್ನು ಹಿಡಿದು ಅದರ ಕೆಲಸವನ್ನು ಕುಗ್ಗಿಸುತ್ತಿತ್ತು.