ಉದಯಗಿರಿಯೂ ಮೈಸೂರೇ

ಮೈಸೂರಿನ ಕಟ್ಟಡಗಳ ವಿಷಯದಲ್ಲಿ ನಮ್ಮ ಅಭಿರುಚಿ ಅರಮನೆಯ ಹೆಬ್ಬಾಗಿಲಲ್ಲಿ ಹುಟ್ಟಿ ಅಲ್ಲಿಯೇ ನಿಂತುಬಿಟ್ಟಿದೆ. ಊರಿನ ಪೂರ್ವಕ್ಕಿರುವ ಉದಯಗಿರಿಯಲ್ಲಿ ನೋಡತಕ್ಕದ್ದೇನಿದೆ ಎಂದು ಕೇಳುವವರೇ ಬಹಳ. ಅಲ್ಲಿಂದ ಬಹುದೂರವಲ್ಲದ ಸಂತ ಫಿಲೋಮಿನಾ ಇಗರ್ಜಿಗೂ ಲಲಿತಮಹಲಿಗೂ ಸಲ್ಲುವ ಗೌರವದಲ್ಲಿ ನೂರರಲ್ಲೊಂದು ಪಾಲೂ ಬಡಾವಣೆಯ ಬೀದಿಗೆ ಸಲ್ಲದು.

ಆ ಎರಡು ಕಟ್ಟಡಗಳನ್ನೇ ಪರೀಕ್ಷಿಸೋಣ. ಲಲಿತಮಹಲಿಗೆ ಅಸ್ತಿಭಾರ ಬಿದ್ದದ್ದು 1921ರಲ್ಲಿ, ಶಿಲ್ಪಿ ಫ್ರಿಚ್ಲಿ, ಗುಮ್ಮಟಕ್ಕೆ ಮಾದರಿ ಲಂಡನ್ನಿನ ಸೇಂಟ್ ಪಾಲ್ಸ್. ಇಗರ್ಜಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರವಿಟ್ಟರು. 175 ಅಡಿಯ ಜೋಡಿ ಶಿಖರಗಳು ಜರ್ಮನಿಯ ಕೊಲೋನ್ ನಗರವನ್ನು ನೆನಪಿಸುತ್ತವೆ. ಎರಡೂ ಎರವಲೇ. ಎರವಲು ದೋಷವಲ್ಲ; ನಮ್ಮ ಕಾದಂಬರಿಯೂ ಸಣ್ಣಕತೆಯೂ ಹಾಗೆ ಬಂದವೇ. ತಂದದ್ದು ನಮ್ಮದಾಯಿತೇ ಎಂಬುದು ವಿಮರ್ಶಕನ ಪ್ರಶ್ನೆ. ವೈಸರಾಯರಿಗೆಂದು ಕಟ್ಟಿದ ಮಹಲು 1974ರಲ್ಲಿ ಹೋಟೆಲಾಯಿತು. ಅದು ಇಂದಿಗೂ ಅತಿಥಿಗಳದೇ ಮನೆ. ಇಗರ್ಜಿಯಾದರೋ ನಿತ್ಯದ ಬಳಕೆಯಿಂದ ಮೈಸೂರಿನದಾಗಿದೆ. ಕಲೆಯಲ್ಲಿ ಎರಡೂ ಸಮವೆಂದರೂ ಬಾಳಿನಲ್ಲಿ ಇಗರ್ಜಿಯದೇ ಮೇಲುಗೈ.

ಬರಿಯ ವಯಸ್ಸೂ ಅಳತೆಗೋಲಲ್ಲ. ಮರದ ಹಳೆಯ ಅರಮನೆ 1897ರಲ್ಲಿ ಸುಟ್ಟುಹೋಯಿತು; ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ 1912ರಲ್ಲಿ ಮುಗಿದಾಗ ಅಂದಿನವರ ಕಣ್ಣಿಗೆ ಅದು ಹೊಚ್ಚಹೊಸದು. ಹೊಸದನ್ನು ಹಳೆಯದಾಗುವವರೆಗೆ ಉಳಿಸುವುದೇ ಪರಂಪರೆ. ಅದರಲ್ಲಿ ನಾವು ಸೋತಿದ್ದೇವೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿದ್ದಿತು. ಅವು ಯಾರೂ ಅರಿಯದ ಕಟ್ಟಡಗಳಲ್ಲ, ಚಿತ್ರಗಳಲ್ಲಿ ಮೆರೆದವು. ಹೊಗಳಿಕೆ ಗಾರೆಯ ಕೆಲಸ ಮಾಡದು.

ಹೆಸರಾದವುಗಳ ಗತಿಯೇ ಇದಾದರೆ ಬಡಾವಣೆಯ ಹೆಂಚಿನ ಮನೆ, ಜಗಲಿ, ಪ್ರಾರ್ಥನಾ ಮಂದಿರ, ಶಾಲೆ, ಅಂಗಡಿಸಾಲುಗಳನ್ನು ಕೇಳುವವರಾರು? ಅವೆಲ್ಲವನ್ನೂ ಕಾಪಾಡಬೇಕೆಂದು ಹಟ ಹಿಡಿಯುವುದು ಅವಿವೇಕ. ಮಕ್ಕಳು ದೊಡ್ಡವರಾದಾಗ ಮನೆಯೂ ಬೆಳೆಯಲೇಬೇಕು. ಆದರೆ ಗಾಳಿ ಬೆಳಕುಗಳನ್ನು ಬಲ್ಲವರು ಕಟ್ಟಿದ್ದೇ, ಕೆಲಸ ಅಚ್ಚುಕಟ್ಟೇ, ನೆರೆಹೊರೆಗೆ ಕೂರಲು ಎಡೆಯಿದೆಯೇ, ಈ ಮೂರನ್ನು ಕೇಳಬಹುದು. ಹೌದೆನ್ನಿಸಿದ ಮನೆಯನ್ನು ಕೆಡಹುವ ಮೊದಲು ಒಂದು ಅಳತೆಯ ನಕ್ಷೆ, ನಾಲ್ಕು ಛಾಯಾಚಿತ್ರ, ಕಟ್ಟಿದ ಮೇಸ್ತ್ರಿಯ ಹೆಸರು ಇಷ್ಟನ್ನಾದರೂ ಬರೆದಿಡಬಹುದು. ಅರಮನೆಯ ಶಿಲ್ಪಿಯ ಹೆಸರನ್ನು ನಾವು ಬಲ್ಲೆವು. ನಾವು ವಾಸಿಸುವ ಮನೆಯ ಮೇಸ್ತ್ರಿಯ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?