ಅಂದಹಾಗೆ, ನನ್ನದೊಂದು ಪುಸ್ತಕ

ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿ ಬೈಯಪ್ಪನಹಳ್ಳಿ ದಾಟುವಷ್ಟರಲ್ಲಿ ನನ್ನ ಫೇಸ್‌ಬುಕ್ಕಿನಲ್ಲಿ ಮೂರು ಹೊಸ ಕನ್ನಡ ಪುಸ್ತಕಗಳು ಕಾಣಿಸಿಕೊಳ್ಳುತ್ತವೆ. ಒಂದು ಕಾಫಿ ಲೋಟಕ್ಕೆ ಒರಗಿದೆ. ಇನ್ನೊಂದರ ಮೇಲೆ ಲೇಖಕರ ಬೆಕ್ಕು ಮಲಗಿದೆ. ಮೂರನೆಯದರ ಕೆಳಗೆ ಒಂದೇ ಸಾಲು: ‘ಅಂದಹಾಗೆ, ನನ್ನದೊಂದು ಪುಸ್ತಕ ಬಂದಿದೆ. ಸಿಕ್ಕರೆ ಓದಿ.’ ಹಲಸೂರು ಬರುವ ಹೊತ್ತಿಗೆ ಅದಕ್ಕೆ ಸಾಲುಸಾಲು ‘ಅಭಿನಂದನೆಗಳು ಸರ್’. ಒಬ್ಬರು ಮಾತ್ರ ‘ಎಲ್ಲಿ ಸಿಗುತ್ತೆ?’ ಎಂದು ಕೇಳಿದ್ದಾರೆ. ಲೇಖಕರು ಆ ಪ್ರಶ್ನೆಗೊಂದು ಹೃದಯದ ಚಿಹ್ನೆ ಒತ್ತಿ ಸುಮ್ಮನಾಗಿದ್ದಾರೆ.

ಈ ‘ಸಿಕ್ಕರೆ ಓದಿ’ ಶೈಲಿ ಮೊದಲ ನೋಟಕ್ಕೆ ಹಿತವಾಗಿಯೇ ಇದೆ. ಎಂಬತ್ತು ಜನರನ್ನು ಟ್ಯಾಗ್ ಮಾಡಿ, ವಾಟ್ಸಾಪಿನಲ್ಲಿ ಬಂದ ಹೊಗಳಿಕೆಗಳ ಸ್ಕ್ರೀನ್‌ಶಾಟ್ ಅಂಟಿಸಿ, ವಾರಕ್ಕೊಮ್ಮೆ ‘ಓದುಗರ ಒತ್ತಾಯದ ಮೇರೆಗೆ’ ಎಂದು ಡಂಗೂರ ಹೊಡೆಯುವವರ ನಡುವೆ ಇಂಥವರು ಉಸಿರಾಡಲು ಬಿಡುತ್ತಾರೆ. ತನ್ನನ್ನು ತಾನು ಬಣ್ಣಿಸಿಕೊಳ್ಳುವುದು ಸಣ್ಣತನ ಎಂಬ ಶರಣರ ಬುದ್ಧಿಮಾತು ನಮ್ಮ ಮೈಗೆ ಹತ್ತಿದೆ.

ಆದರೆ ನಮ್ಮ ಕಾವ್ಯ ಪರಂಪರೆಗೆ ಈ ಸಂಕೋಚ ಇರಲಿಲ್ಲ. ಆದಿಪುರಾಣ ಮೂರು ತಿಂಗಳಲ್ಲಿ, ಭಾರತ ಆರು ತಿಂಗಳಲ್ಲಿ ಮುಗಿಯಿತು ಎಂದು ಪಂಪ ಕಾವ್ಯದೊಳಗೇ ಹೇಳಿಕೊಂಡ. ವಾಗ್ದೇವಿಯ ಭಂಡಾರದ ಮುದ್ರೆ ಒಡೆದವನು ತಾನೆಂದ ರನ್ನ. ಬರೆದದ್ದನ್ನು ಅಳಿಸದ ಹೆಮ್ಮೆ ಕುಮಾರವ್ಯಾಸನದು. ಇದು ಆತ್ಮಪ್ರಶಂಸೆಯೇ, ಅನುಮಾನವಿಲ್ಲ. ಆದರೆ ಅದರ ಕಣ್ಣು ಕೃತಿಯ ಮೇಲಿತ್ತು, ಹೇಳಿದ್ದಕ್ಕೆ ಪುರಾವೆ ಮುಂದಿನ ಪದ್ಯದಲ್ಲೇ ಸಿಗುತ್ತಿತ್ತು.

ಮಾರುವ ಕೆಲಸಕ್ಕೂ ನಾಚಿದವರಲ್ಲ ನಮ್ಮ ಹಿರಿಯರು. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಹೊರೆ ಹೊತ್ತು ಊರೂರು ಅಲೆದರು. ಅವರು ಮನೆಬಾಗಿಲಿಗೆ ಮುಟ್ಟಿಸಿದ್ದು ಬರೀ ಪುಸ್ತಕವನ್ನಲ್ಲ, ಓದುವ ಚಟವನ್ನು. ನಮ್ಮ ಕಾಲದಲ್ಲಿ ವಸುಧೇಂದ್ರ ತಮ್ಮದೇ ‘ಛಂದ ಪುಸ್ತಕ’ ಕಟ್ಟಿ ತಮ್ಮ ಪುಸ್ತಕಗಳನ್ನು ತಂದರು. ಆಮೇಲೆ ಅದೇ ದಾರಿಯಲ್ಲಿ ಹೊಸಬರ ಮೊದಲ ಪುಸ್ತಕಗಳೂ ನಡೆದುಬಂದವು.

ಹೀಗಿರುವಾಗ ‘ಸಿಕ್ಕರೆ ಓದಿ’ ಎಂಬುದನ್ನು ವಿನಯವೆಂದು ಒಪ್ಪಲು ನನಗೆ ಕಷ್ಟ. ಕಾಫಿ ಲೋಟವನ್ನು ಬೆಳಕಿಗೆ ಹೊಂದಿಸಿ, ಹತ್ತು ಫೋಟೊಗಳಲ್ಲಿ ಒಂದನ್ನು ಆರಿಸಿದ ಮೇಲೆ ಉಡಾಫೆಯ ಒಂದು ಸಾಲು ಬರೆಯುವುದು ಪೂರ್ವಸಿದ್ಧತೆಯ ಉಡಾಫೆ. ಪುಸ್ತಕ ಹೋಗದಿದ್ದರೆ ‘ನಾನೇನು ಪ್ರಚಾರ ಮಾಡಲಿಲ್ಲವಲ್ಲ’ ಎನ್ನಲು ಮೊದಲೇ ತೆಗೆದಿಟ್ಟ ಸಬೂಬು ಅದು. ಸೋತರೂ ಮಾನ ಉಳಿಯುತ್ತದೆ, ಪ್ರಕಾಶಕರ ಗೋದಾಮಿನಲ್ಲಿ ಕಟ್ಟುಗಳೂ ಉಳಿಯುತ್ತವೆ.

ನಗರದ ಈ ಪೂರ್ವ ಭಾಗದಲ್ಲಿ ಅದರ ಪೆಟ್ಟು ಓದುಗನಿಗೆ ಹೆಚ್ಚು. 1809ರಲ್ಲಿ ಇಲ್ಲಿ ದಂಡು ನೆಲೆಯೂರಿತು. 1949ರಲ್ಲಿ ದಂಡು, ಪೇಟೆ ಎರಡೂ ಸೇರಿ ಒಂದೇ ನಗರಪಾಲಿಕೆಯಾದವು. ಪುಸ್ತಕದಂಗಡಿಗಳ ಮಟ್ಟಿಗೆ ಮಾತ್ರ ಆ ಗಡಿ ಅಳಿಸಿಲ್ಲ. ಕೋರಮಂಗಲದಲ್ಲಿ ಶುರುವಾಗಿ ಇಂದಿರಾನಗರಕ್ಕೆ ಬಂದ ‘ಆಟ್ಟ ಗಲಾಟ್ಟ’ದಂಥ ಒಂದೆರಡು ಕಡೆ ಕನ್ನಡಕ್ಕೂ ಕಪಾಟುಂಟು. ಉಳಿದಂತೆ ಹೊಸ ಕನ್ನಡ ಪುಸ್ತಕ ಬೇಕೆಂದರೆ ಗಾಂಧಿನಗರಕ್ಕೋ ಗಾಂಧಿ ಬಜಾರಿಗೋ ಹೋಗಬೇಕು. ಕೆ.ಆರ್. ಪುರದ ಓದುಗನಿಗೆ ಆ ಒಂದು ಪೋಸ್ಟೇ ಪುಸ್ತಕದಂಗಡಿಯ ಗಾಜಿನ ಕಿಟಕಿ. ಅದರಲ್ಲಿ ಬೆಲೆಯಿಲ್ಲ, ಪುಟಗಳೆಷ್ಟೆಂದಿಲ್ಲ, ಪ್ರಕಾಶಕರ ಹೆಸರಿಲ್ಲ. ಒಳಗೇನಿದೆ ಎಂಬ ಸುಳಿವಂತೂ ಇಲ್ಲವೇ ಇಲ್ಲ.

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಹಣ್ಣು ಮಾರುವವರನ್ನು ನೋಡಿ. ಯಾವ ಹಣ್ಣು, ಯಾವ ಊರಿನದು, ಕಿಲೋಗೆ ಎಷ್ಟು ಎಂಬ ಮೂರೂ ಒಂದೇ ಕೂಗಿನಲ್ಲಿ ಬರುತ್ತವೆ. ಅನುಮಾನಿಸಿದರೆ ಒಂದು ಹೋಳು ಕೊಯ್ದು ಕೈಗಿಡುತ್ತಾರೆ. ಸಿಹಿ ಇದ್ದರೆ ಕೊಳ್ಳುತ್ತೀರಿ, ಇಲ್ಲದಿದ್ದರೆ ಮುಂದೆ ಹೋಗುತ್ತೀರಿ. ಅವರು ತಮ್ಮನ್ನು ಹೊಗಳಿಕೊಂಡದ್ದನ್ನು ನಾನು ಕೇಳಿಲ್ಲ. ‘ಸಿಕ್ಕರೆ ತಿನ್ನಿ’ ಅಂದದ್ದನ್ನೂ ಕೇಳಿಲ್ಲ.

ಲೇಖಕರ ಮೇಲೆ ಪೂರ್ತಿ ತಪ್ಪು ಹೊರಿಸುವುದು ನ್ಯಾಯವಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಕಾದು ಕುಳಿತ ಪ್ರಕಾಶಕರ ಬಳಿ ಜಾಹೀರಾತಿಗೆ ಹಣವಿರುವುದಿಲ್ಲ. ಹಗಲು ನೌಕರಿ, ರಾತ್ರಿ ಬರವಣಿಗೆ ಮಾಡುವವರಿಗೆ ದಿನವೂ ರೀಲ್ಸ್ ಮಾಡು ಎನ್ನುವುದು ಕ್ರೌರ್ಯ. ಅದನ್ನು ಯಾರೂ ಕೇಳುತ್ತಿಲ್ಲ. ಕೇಳುವುದು ಇಷ್ಟೇ: ಪುಸ್ತಕದಿಂದ ಒಂದು ಪ್ಯಾರಾ, ಬೆಲೆ, ಸಿಗುವ ಜಾಗ. ಅಷ್ಟು ಬರೆದ ಮೇಲೆ ಬೆಕ್ಕು ಎಲ್ಲಿ ಬೇಕಾದರೂ ಮಲಗಲಿ.