ಹನ್ನೆರಡು ಪಂದ್ಯಗಳ ‘ಆರಂಭ’

ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೆ ಆಟ ಗೊತ್ತು ಎಂಬುದು ನಮ್ಮ ಕ್ರೀಡಾ ಪುಟಗಳಲ್ಲಿ ಈಗ ಯಾರೂ ಪ್ರಶ್ನಿಸದ ಮಾತಾಗಿದೆ. 2013ರಲ್ಲಿ ಕ್ಲಬ್ ಹುಟ್ಟಿತು, ಆಡಿದ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು, ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ ಡ್ರಮ್ಮು ಹಿಡಿದು ನಿಂತಿತು. ಅಲ್ಲಿಂದೀಚೆಗೆ ಯಾರು ಬರೆದರೂ ‘ತಿಳಿವಳಿಕೆಯ ಪ್ರೇಕ್ಷಕರು’ ಎಂಬ ಬಿರುದು ತಪ್ಪಿದ್ದಿಲ್ಲ. ತಂಡ ಸೋಲತೊಡಗಿದಾಗ ಈ ಪ್ರೇಕ್ಷಕರು ನಡೆಸುವ ವಾದ-ವಿವಾದಕ್ಕೂ ಅದೇ ಮರ್ಯಾದೆ ಸಲ್ಲುತ್ತಿದೆ. ‘ಪ್ರೀತಿ ಇರುವುದರಿಂದಲೇ ಜಗಳ’ ಎಂದು ಅಂಕಣಕಾರರು ಕಣ್ಣೊರೆಸಿಕೊಳ್ಳುತ್ತಾರೆ.

ನನ್ನ ಮಟ್ಟಿಗೆ ಈ ಬಿರುದಿನಲ್ಲಿ ಅರ್ಧ ಮಾತ್ರ ನಿಜ. ಆಟ ನಡೆಯುವ ತೊಂಬತ್ತು ನಿಮಿಷ ಇವರ ಕಣ್ಣು ಚುರುಕು. ಕಂಠೀರವ ಕ್ರೀಡಾಂಗಣದಲ್ಲಿ ಸ್ಟ್ಯಾಂಡಿಗೂ ಹುಲ್ಲಿಗೂ ನಡುವೆ ಓಟದ ಟ್ರ್ಯಾಕ್ ಅಡ್ಡ ಬಿದ್ದಿದೆ. ಅಷ್ಟು ದೂರದಿಂದಲೂ ಲೆಫ್ಟ್ ಬ್ಯಾಕ್ ಒಂದು ಹೆಜ್ಜೆ ತಡವಾಗಿ ಹಿಂದಿರುಗಿದರೆ ಸಾಲು ಸಾಲೇ ‘ಅಯ್ಯೋ’ ಎನ್ನುತ್ತದೆ, ಅದೂ ಎದುರಾಳಿಯ ಕಾಲಿಗೆ ಚೆಂಡು ಸಿಗುವ ಮೊದಲೇ. ಆ ‘ಅಯ್ಯೋ’ ಒಳ್ಳೆಯ ವಿಮರ್ಶೆ. ಗೇಟು ದಾಟಿ ಕಸ್ತೂರಬಾ ರಸ್ತೆಗೆ ಬಂದು ಚಹಾ ಹಿಡಿದು ನಿಂತ ಕೂಡಲೇ ಆ ಕಣ್ಣು ಎಲ್ಲಿಗೋ ಹೋಗಿ ಬರೀ ಬಾಯಿ ಉಳಿಯುತ್ತದೆ. ಸೀಸನ್ನಿನ ಮೊದಲ ತಿಂಗಳುಗಳಲ್ಲಿ ತಂಡ ಮುಗ್ಗರಿಸಿದಾಗ ಅಲ್ಲಿ ನಡೆಯುವ ಚರ್ಚೆಯನ್ನು ವಿಮರ್ಶೆಯ ಒಂದು ಪ್ರಕಾರವೆಂದೇ ಎತ್ತಿಕೊಂಡು ನೋಡಿದರೆ, ಅದು ಸೋಮಾರಿ ವಿಮರ್ಶೆ.

ಆ ಚರ್ಚೆಯ ಒಂದೇ ವಾಕ್ಯ ತೆಗೆದುಕೊಳ್ಳೋಣ. ಪ್ರತಿ ವರ್ಷ, ಪ್ರತಿ ಕೋಚ್ ಕೆಳಗೂ ಕೇಳಿದ್ದೇನೆ: ‘ಇದು ಬರೀ ಸ್ಟಾರ್ಟಿಂಗು ಗುರು, ಇನ್ನೊಂದು ಹತ್ತು ಮ್ಯಾಚ್ ಕೊಟ್ಟು ನೋಡು.’

ತಾಳ್ಮೆಯ ಮಾತಿನಂತೆ ಕೇಳುತ್ತದೆ. ಆದರೆ ಈ ‘ಹತ್ತು’ ಎಲ್ಲಿಂದ ಬಂತು? ಶನಿವಾರ ರಾತ್ರಿ ಟಿವಿಯಲ್ಲಿ ನೋಡುವ ಇಂಗ್ಲೆಂಡಿನ ಲೀಗಿನಿಂದ. ಅಲ್ಲಿ ಒಂದು ತಂಡ ಆಡುವುದು 38 ಪಂದ್ಯ, ಹತ್ತೆಂದರೆ ಕಾಲು ಭಾಗಕ್ಕೆ ತುಸು ಹೆಚ್ಚು. ನಮ್ಮ ಇಂಡಿಯನ್ ಸೂಪರ್ ಲೀಗಿನಲ್ಲಿ (ಐಎಸ್‌ಎಲ್) 2022-23ರಲ್ಲಿ ಒಂದು ತಂಡಕ್ಕೆ ಸಿಕ್ಕ ಲೀಗ್ ಪಂದ್ಯಗಳು 20. ಹತ್ತು ಎಂದರೆ ಅರ್ಧ ಸೀಸನ್ನು. ಮೊದಲ ಆರು ಪಂದ್ಯ ಹೋಗಲಿ, ಮುಂದಿನ ಹತ್ತು ನೋಡೋಣ ಎಂದವನು ಕಣ್ಣು ಬಿಡುವ ಹೊತ್ತಿಗೆ ಉಳಿದಿರುವುದು ನಾಲ್ಕು. ಮದುವೆ ಊಟ ಮುಗಿದು ಎಲೆ ಎತ್ತುವಾಗ ‘ಇದು ಕೋಸಂಬರಿ ತಾನೆ’ ಎಂದ ಹಾಗೆ.

‘ಕೋಚನ್ನ ಮೊದಲು ಕಳಿಸಿ’ ಎನ್ನುವ ಎದುರು ಪಕ್ಷವೂ ಇದೇ ಎರವಲು ಗಡಿಯಾರ ಕಟ್ಟಿಕೊಂಡಿದೆ. ಇಂಗ್ಲೆಂಡಿನಲ್ಲಿ ಆರಂಭ ಕೆಟ್ಟರೆ ಭಯ ಬೀಳಲು ಕಾರಣವಿದೆ, ಕೊನೆಯ ಮೂರು ತಂಡಗಳು ಕೆಳಗಿನ ದರ್ಜೆಗೆ ಜಾರುತ್ತವೆ. ಇಲ್ಲಿ ಆ ಸೀಸನ್ನಿನಲ್ಲಿ ಹಿಂಬಡ್ತಿಯೇ ಇರಲಿಲ್ಲ. 11 ತಂಡಗಳಲ್ಲಿ ಆರು ಪ್ಲೇ-ಆಫ್‌ಗೆ ಹೋಗುತ್ತಿದ್ದವು. ಅರ್ಧಕ್ಕಿಂತ ಹೆಚ್ಚು ಮಂದಿ ಪಾಸಾಗುವ ಪರೀಕ್ಷೆಯಲ್ಲಿ ಮೊದಲ ಕಿರುಪರೀಕ್ಷೆಯ ಅಂಕ ಕಂಡು ಎದೆ ಬಡಿದುಕೊಳ್ಳುವುದೂ ಒಂದು, ಪರವಾಗಿಲ್ಲ ಎಂದು ಮಲಗುವುದೂ ಒಂದು. ಈ ಲೀಗಿನಲ್ಲಿ ಆರಂಭ ಎಂದರೆ ಎಷ್ಟು ಪಂದ್ಯ, ಅದು ಕೆಟ್ಟರೆ ನಿಜಕ್ಕೂ ಕಳೆದುಕೊಳ್ಳುವುದೇನು ಎಂದು ಕೇಳಿದ್ದರೆ ಇಬ್ಬರ ಸ್ವರವೂ ಇಳಿಯುತ್ತಿತ್ತು.

2022-23ನ್ನೇ ಬಿಡಿಸಿ ನೋಡಬೇಕು. ಸೆಪ್ಟೆಂಬರ್‌ನಲ್ಲಿ ಡ್ಯುರಾಂಡ್ ಕಪ್ ಗೆದ್ದು ಬಂದ ತಂಡ. ಕೋಚ್ ಸೈಮನ್ ಗ್ರೇಸನ್. ರಾಯ್ ಕೃಷ್ಣ, ಸಂದೇಶ್ ಜಿಂಗನ್, ಪ್ರಬೀರ್ ದಾಸ್ ಹೊಸದಾಗಿ ಸೇರಿದ್ದರು. ಡಿಸೆಂಬರ್ ಮುಗಿಯುವ ಹೊತ್ತಿಗೆ 12 ಪಂದ್ಯಗಳಲ್ಲಿ ಮೂರು ಗೆಲುವು, ಒಂದು ಡ್ರಾ, ಎಂಟು ಸೋಲು. ನಡುವೆ ಸತತ ನಾಲ್ಕು ಸೋಲು, ನಾಲ್ಕರಲ್ಲೂ ಒಂದು ಗೋಲಿಲ್ಲ. ಕಸ್ತೂರಬಾ ರಸ್ತೆಯ ತೀರ್ಪು ಅಷ್ಟರಲ್ಲಿ ಬಂದಾಗಿತ್ತು: ಕೋಚ್ ದಡ್ಡ, ವಿದೇಶಿಗಳು ದಂಡ, ಡಿಫೆನ್ಸ್ ಜರಡಿ.

ಜರಡಿಯೇ? ಆ ಎಂಟು ಸೋಲುಗಳಲ್ಲಿ ಆರು ಒಂದೇ ಗೋಲಿನ ಅಂತರದವು. ಮುಂಬೈ ಎದುರಿನ 0-4, ಹೈದರಾಬಾದ್ ಎದುರಿನ 0-3 ಬಿಟ್ಟರೆ ತಂಡ ಎಲ್ಲೂ ಕುಸಿದು ಬಿದ್ದಿರಲಿಲ್ಲ. ಕೊರತೆ ಇದ್ದದ್ದು ಮುಂದುಗಡೆ: 12 ಪಂದ್ಯಗಳಲ್ಲಿ ಹೊಡೆದದ್ದು ಎಂಟೇ ಗೋಲು. ಆಮೇಲಿನ ಎಂಟು ಪಂದ್ಯಗಳಲ್ಲಿ ಎಂಟೂ ಗೆಲುವು, 19 ಗೋಲು. ಅದೇ ಕೋಚ್, ಹೆಚ್ಚುಕಡಿಮೆ ಅದೇ ಹುಡುಗರು. ಹತ್ತು ಅಂಕದಲ್ಲಿ ಕೂತಿದ್ದ ತಂಡ 34ಕ್ಕೇರಿ ನಾಲ್ಕನೆಯ ಸ್ಥಾನಕ್ಕೆ ಬಂತು. ಏನು ಬದಲಾಯಿತು?

ಬದಲಾದದ್ದು ಹಲವು. ಕಣ್ಣಿಗೆ ಹೊಡೆಯುವಂಥದು ಒಂದು. 21ರ ಹರೆಯದ ತಮಿಳುನಾಡಿನ ಹುಡುಗ ಶಿವಶಕ್ತಿ ನಾರಾಯಣನ್ ರಾಯ್ ಕೃಷ್ಣರ ಜೊತೆ ಮುಂಚೂಣಿಗೆ ಬಂದ. ಸುನಿಲ್ ಛೆಟ್ರಿ ಹಲವು ಪಂದ್ಯಗಳಲ್ಲಿ ಬೆಂಚಿನಿಂದ ಎದ್ದು ಬರತೊಡಗಿದರು. ಛೆಟ್ರಿಗೆ ಆಗ 38. ಮುಂಚೂಣಿಯಿಂದಲೇ ಎದುರಾಳಿ ಡಿಫೆಂಡರುಗಳ ಬೆನ್ನಟ್ಟಿ ಚೆಂಡು ಕಸಿಯುವ ಕೆಲಸಕ್ಕೆ ತೊಂಬತ್ತು ನಿಮಿಷದ ಕಾಲು ಬೇಕು. ಆ ಕಾಲು ಹುಡುಗನಲ್ಲಿತ್ತು, ಡಿಫೆಂಡರುಗಳು ದಣಿದ ಮೇಲೆ ಸಂದು ಕಾಣುವ ಕಣ್ಣು ಹಿರಿಯರಲ್ಲಿತ್ತು. ಎರಡನ್ನೂ ಅವರವರ ಹೊತ್ತಿಗೆ ಬಳಸಿದರು. ಇದರಲ್ಲಿ ಗುಟ್ಟೇನಿಲ್ಲ, ಸಾಲಿನಲ್ಲಿ ಕೂತ ಯಾರಿಗೂ ಕಾಣುವಂಥದು.

ಹಾಗಾದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಪ್ರಶ್ನೆ ಯಾಕೆ ಏಳಲಿಲ್ಲ? ಗೋಲು ಬರುತ್ತಿಲ್ಲ ಎಂದು ಎಲ್ಲರೂ ಕೂಗಿದರು, ಗೋಲು ಹೊಡೆಯಬೇಕಾದವರ ಹೆಸರು ಹೇಳುವಾಗ ಒಂದು ಹೆಸರನ್ನು ಮಾತ್ರ ಹಾರಿಸಿದರು. ಕೇಳಿದವರು ಇರಲಿಲ್ಲವೆಂದಲ್ಲ. ಪಿಸುಮಾತಿನಲ್ಲಿ ಕೇಳಿ ಪಕ್ಕದವನ ಮುಖ ನೋಡುತ್ತಿದ್ದರು. ‘ಲೆಜೆಂಡ್ ಬಗ್ಗೆ ಹಂಗನ್ಬಾರ್ದು ಮಗಾ’ ಎಂದು ಒಬ್ಬ ಅಂದರೆ ಮಾತು ಮತ್ತೆ ಕೋಚಿನ ತಲೆಗೆ ಹೋಗಿ ಕೂರುತ್ತಿತ್ತು. ಮನೆಯ ಹಿರಿಯರು ಉಪ್ಪು ಹೆಚ್ಚು ಹಾಕಿದರೆ ಸೌದೆ ಸರಿಯಿಲ್ಲ ಎಂದು ಬೈಯುವ ಪದ್ಧತಿ. ಅಭಿಮಾನಿಗಳು ಕೇಳಲು ಹಿಂಜರಿದ ಪ್ರಶ್ನೆಯನ್ನು, ಅವರು ದಡ್ಡನೆಂದ ಕೋಚ್ ತಂಡದ ಪಟ್ಟಿ ಬರೆಯುವಾಗ ಕೇಳಿಕೊಂಡ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಛೆಟ್ರಿ ಮುಗಿದರು ಎನ್ನುವುದು ನನ್ನ ವಾದವಲ್ಲ. 2024-25ರಲ್ಲಿ, 40ರ ವಯಸ್ಸಿನಲ್ಲಿ, ಅವರು 14 ಗೋಲು ಹೊಡೆದು ಲೀಗಿನ ಭಾರತೀಯರಲ್ಲಿ ಎಲ್ಲರಿಗಿಂತ ಮುಂದಿದ್ದರು. ‘ಮುದುಕನನ್ನು ಕೂರಿಸಿ’ ಎಂದು 2022ರಲ್ಲೇ ಕೂಗಿದವರಿದ್ದರೆ ಅವರೂ ಸೋತಂತೆಯೇ ಆಯಿತು. ಆದರೆ ಕೇಳಬಾರದ ಪ್ರಶ್ನೆಯೊಂದನ್ನು ನಡುಮನೆಯಲ್ಲಿ ಕೂರಿಸಿಕೊಂಡು ಉಳಿದೆಲ್ಲವನ್ನೂ ಜಾಲಾಡುವ ಚರ್ಚೆಗೆ ವಿಮರ್ಶೆ ಎಂಬ ಹೆಸರು ದುಬಾರಿ.

ಎಲ್ಲವನ್ನೂ ಮುಚ್ಚಿಹಾಕಿದ್ದು 2023ರ ಮಾರ್ಚ್ 3ರ ರಾತ್ರಿ. ಕೇರಳ ಬ್ಲಾಸ್ಟರ್ಸ್ ಎದುರು ಪ್ಲೇ-ಆಫ್, ಕಂಠೀರವದಲ್ಲಿ. ಬದಲಿಯಾಗಿ ಇಳಿದಿದ್ದ ಛೆಟ್ರಿ ಹೆಚ್ಚುವರಿ ಅವಧಿಯಲ್ಲಿ, ಕೇರಳದವರು ಗೋಡೆ ಕಟ್ಟುವ ಮೊದಲೇ, ಫ್ರೀ ಕಿಕ್ಕನ್ನು ಬಲೆಗೆ ತೂರಿಬಿಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನು ಕರೆದುಕೊಂಡು ಮೈದಾನದಿಂದ ಹೊರನಡೆದರು. ಆಮೇಲೆ ವಾರಗಟ್ಟಲೆ ನಡೆದದ್ದು ಸೀಟಿ ಊದಬೇಕಿತ್ತೋ ಬೇಡವೋ ಎಂಬ ಜಗಳ. ತಂಡ ಫೈನಲ್‌ಗೆ ಹೋಯಿತು, ಫತೋರ್ಡಾದಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಪೆನಾಲ್ಟಿಯಲ್ಲಿ ಸೋತಿತು. ಹನ್ನೆರಡು ಪಂದ್ಯಗಳಲ್ಲಿ ಏನು ತಪ್ಪಿತ್ತು ಎಂಬ ಲೆಕ್ಕವನ್ನು ಮತ್ತೆ ಯಾರೂ ತೆರೆಯಲಿಲ್ಲ. ಕತೆ ಸುಖಾಂತದ ಹೊಸ್ತಿಲು ಮುಟ್ಟಿದ ಮೇಲೆ ಮೊದಲ ಅಂಕ ಯಾರಿಗೆ ಬೇಕು!

ತೆರೆಯದೆ ಮುಚ್ಚಿದ ಆ ಲೆಕ್ಕಕ್ಕೆ ಮರುವರ್ಷವೇ ಬಡ್ಡಿ ಬಂತು. 2023-24 ಶುರುವಾದದ್ದು ಕೊಚ್ಚಿಯಲ್ಲಿ 1-2, ಕೋಲ್ಕತ್ತದಲ್ಲಿ 0-1 ಸೋಲಿನಿಂದ. ಈ ಸಲ ಕಸ್ತೂರಬಾ ರಸ್ತೆ ಹಾಯಾಗಿತ್ತು. ‘ಹೋದ್ವರ್ಷಾನೂ ಹಿಂಗೇ ಶುರುವಾಗಿತ್ತಲ್ಲ!’ ಆದರೆ ಹೋದ ವರ್ಷ ಆಡಿದವರಲ್ಲಿ ರಾಯ್ ಕೃಷ್ಣ ಒಡಿಶಾಕ್ಕೆ, ಜಿಂಗನ್ ಗೋವಾಕ್ಕೆ, ಪ್ರಬೀರ್ ಕೇರಳಕ್ಕೆ ಹೋಗಿಯಾಗಿತ್ತು. ಕೆಟ್ಟ ಆರಂಭ ಮಾತ್ರ ಹಳೆಯದು, ಅದನ್ನು ತಿದ್ದಿದ ಕಾಲುಗಳು ಬೇರೆ ಊರಿನಲ್ಲಿದ್ದವು. ಡಿಸೆಂಬರ್‌ನಲ್ಲಿ ಮುಂಬೈ ಎದುರು ಮತ್ತೊಂದು 0-4, ಮರುದಿನವೇ ಗ್ರೇಸನ್ ಹೊರಗೆ. ಕೊನೆಗೆ 12 ತಂಡಗಳಲ್ಲಿ 10ನೆಯ ಸ್ಥಾನ.

ಆರಂಭದಿಂದ ಏನನ್ನೂ ಓದಲಾಗದು ಎಂದು ಯಾರಾದರೂ ಹೇಳಿದರೆ ಅದನ್ನಾದರೂ ಒಪ್ಪಬಹುದಿತ್ತು. 2020-21ರಲ್ಲಿ ಮೊದಲ ಆರು ಪಂದ್ಯ ಸೋಲಿಲ್ಲದೆ ಆಡಿದ ತಂಡ ಆಮೇಲೆ ಸತತ ಮೂರು ಸೋತಿತು. 2019ರಲ್ಲಿ ಕಪ್ ಗೆದ್ದುಕೊಟ್ಟಿದ್ದ ಕಾರ್ಲೆಸ್ ಕ್ವಾದ್ರಾತ್ ಅವರನ್ನೇ ಜನವರಿಯಲ್ಲಿ ಕಳಿಸಿದರು, ತಂಡ ಏಳನೆಯದಾಯಿತು. ಮರುವರ್ಷ ಮೊದಲ ಪಂದ್ಯದಲ್ಲೇ ನಾಲ್ಕು ಗೋಲು ಹೊಡೆದು, ಆಮೇಲೆ ವಾರಗಟ್ಟಲೆ ಗೆಲುವು ಕಾಣಲಿಲ್ಲ. ಹೀಗಿದ್ದೂ ಪ್ರತಿ ಶರತ್ಕಾಲದಲ್ಲಿ ಅದೇ ಪಂಚಾಂಗ, ಅದೇ ಭವಿಷ್ಯ.

ಈಗ ‘ತಿಳಿವಳಿಕೆಯ ಪ್ರೇಕ್ಷಕರು’ ಎಂಬ ಬಿರುದು ಕೊಡುವ ಆ ಅಂಕಣಕಾರರ ಜೊತೆ ಒಂದು ತಕರಾರು. ಕೋಲ್ಕತ್ತದವರು ‘ಕಂಪನಿ ಕಟ್ಟಿದ ಕ್ಲಬ್ಬಿಗೆ ಪರಂಪರೆ ಎಲ್ಲಿಂದ?’ ಎಂದು ಮೂಗು ಮುರಿದಾಗ ನಮ್ಮವರು ಕೊಡುವ ಉತ್ತರ ನನಗೆ ಇನ್ನೂ ಕಿರಿಕಿರಿ ಮಾಡುತ್ತದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದದ್ದು, ಆಸ್ಟಿನ್ ಟೌನು, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಗೌತಮಪುರ, ಎಲ್ಲವನ್ನೂ ಎಳೆದು ತಂದು ವೆಸ್ಟ್ ಬ್ಲಾಕಿನ ಜೋಳಿಗೆಗೆ ಹಾಕುತ್ತಾರೆ. ಈ ಊರಿನ ಚೆಂಡಾಟದ ನೆನಪೆಲ್ಲ ಆ ನೀಲಿ ಜೆರ್ಸಿಯೊಳಗೆ ಹರಿದು ಬಂದಿದೆಯಂತೆ.

ಹರಿದು ಬಂದಿದ್ದರೆ 2023ರ ಮಾರ್ಚ್ 4 ಬೇರೆ ಥರ ಇರುತ್ತಿತ್ತು. ಛೆಟ್ರಿಯ ಫ್ರೀ ಕಿಕ್ಕಿನ ಮರುದಿನ ಅದು. ಅಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಸಲ ನಾವು ಗೆದ್ದದ್ದು 1968-69ರಲ್ಲಿ, ರಾಜ್ಯದ ಹೆಸರು ಇನ್ನೂ ಮೈಸೂರು ಎಂದಿದ್ದಾಗ. 54 ವರ್ಷದ ಮೇಲೆ ಬಂದ ಟ್ರೋಫಿ. ಆ ವಾರ ನನ್ನ ಕಿವಿಗೆ ಬಿದ್ದ ಫುಟ್‌ಬಾಲ್ ಮಾತುಗಳಲ್ಲಿ ನೂರಕ್ಕೆ ತೊಂಬತ್ತು ರೆಫರಿಯ ಸೀಟಿಯ ಬಗ್ಗೆ. ಪರಂಪರೆಯ ಹೆಸರಿನಲ್ಲಿ ಪ್ರಮಾಣ ಮಾಡುವ ಅಂಕಣಕಾರರೂ ಸಂತೋಷ್ ಟ್ರೋಫಿಗೆ ಒಂದು ಪ್ಯಾರಾ ಕೊಟ್ಟು ಮತ್ತೆ ಸೀಟಿಗೆ ಹೋದರು. ಗೌತಮಪುರವನ್ನು ಉದಾಹರಿಸುವವರು ಆ ಗಲ್ಲಿಯ ಭಾನುವಾರದ ಪಂದ್ಯಕ್ಕೆ ಒಮ್ಮೆ ಹೋಗಿ ನಿಲ್ಲಲಿ. ಅಲ್ಲಿ ಅಂಚಿನಲ್ಲಿ ನಿಂತ ಅಜ್ಜಂದಿರು ಸೀಸನ್ನಿನ ಆರಂಭದ ಬಗ್ಗೆ ಮಾತಾಡುವುದಿಲ್ಲ, ಹುಡುಗನ ಎಡಗಾಲಿನ ಬಗ್ಗೆ ಮಾತಾಡುತ್ತಾರೆ.

ನ್ಯಾಯಕ್ಕೆ ಹೇಳುವುದಾದರೆ, ಕ್ರಿಕೆಟ್ಟಿನವರಿಗಿಂತ ಬೆಂಗಳೂರು ಎಫ್‌ಸಿ ಅಭಿಮಾನಿಗಳು ಮೇಲು. ಚಿನ್ನಸ್ವಾಮಿಯವರು ವರ್ಷಗಟ್ಟಲೆ ‘ಈ ಸಲ ಕಪ್ ನಮ್ದೇ’ ಎಂಬ ಒಂದೇ ಮಾತಿನಲ್ಲಿ ಸೋಲನ್ನೂ ತಮಾಷೆಯನ್ನೂ ಕಟ್ಟಿಕೊಂಡು ಆರಾಮಾಗಿದ್ದರು. ಫುಟ್‌ಬಾಲಿನವರು ಸೋಲನ್ನು ಸೋಲೆಂದೇ ಮನೆಗೆ ಒಯ್ಯುತ್ತಾರೆ. ಅಷ್ಟರ ಮಟ್ಟಿಗೆ ಗೌರವ ಸಲ್ಲಲಿ.

ಆದರೆ ಆ ಗಂಭೀರತೆಯ ಗುರಿ ಯಾವಾಗಲೂ ಒಬ್ಬ ಮನುಷ್ಯ. ಕೋಚ್, ಇಲ್ಲವೇ ವಿದೇಶಿ ಸ್ಟ್ರೈಕರ್, ಇಲ್ಲವೇ ಮಾಲೀಕ. ಪಂದ್ಯಗಳ ಪಟ್ಟಿ ಹೇಗೆ ತಯಾರಾಗುತ್ತದೆ, ಲೀಗ್ ಯಾರ ಒಪ್ಪಂದದ ಮೇಲೆ ನಡೆಯುತ್ತದೆ, ಆ ಒಪ್ಪಂದ ಯಾವತ್ತು ಮುಗಿಯುತ್ತದೆ ಎಂದು ಚಹಾ ಅಂಗಡಿಯಲ್ಲಿ ಒಬ್ಬರೂ ಕೇಳಿದ್ದು ನಾನು ಕಾಣೆ. ಫೆಡರೇಷನ್ ಅದಕ್ಕೆ ಸಹಿ ಹಾಕಿದ್ದು 2010ರಲ್ಲಿ, ಅವಧಿ 15 ವರ್ಷ. ಕೂಡಿಸಲು ಬೆರಳು ಸಾಕು.

2024-25ರಲ್ಲಿ ಆರಂಭ ಚಿನ್ನದಂಥದು, ತಂಡ ಫೈನಲ್‌ವರೆಗೂ ಹೋಯಿತು, ಚರ್ಚೆಗೆ ಬಿಡುವು ಸಿಕ್ಕಿತು. 2025ರ ಜುಲೈನಲ್ಲಿ, ಆ ಒಪ್ಪಂದ ನವೀಕರಣಗೊಳ್ಳದ ಕಾರಣ, ಐಎಸ್‌ಎಲ್ ಅನ್ನು ತಡೆಹಿಡಿಯಲಾಗಿದೆ ಎಂಬ ಸುದ್ದಿ ಬಂತು. ಆಗಸ್ಟ್‌ನಲ್ಲಿ ಕ್ಲಬ್ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಸೆಪ್ಟೆಂಬರ್ ಬಂತು. ಕಂಠೀರವದಲ್ಲಿ ಆ ತಿಂಗಳು ಐಎಸ್‌ಎಲ್‌ನ ಒಂದು ಪಂದ್ಯವೂ ನಡೆಯಲಿಲ್ಲ.